ಬಿಳಿಯದು ಎರಡು, ಹಳದಿ ಅರ್ಧ

ಹಾ ರಮೊಲುಲಾ
೧೦ ಮೇ ೨೦೦೬, ಬುಧವಾರ

ಲಿಪುವೊ,

ಕುಶಲ ಆಮೇಲೆ. ಮೊದಲು ಪಟ್ಟಿ. ಕಾರ್ಖಾನೆಯ ಕಾರ್ಮಿಕ ಒಕ್ಕೂಟ ನಮ್ಮಿಬ್ಬರಿಗೂ ಕಲಿಸಿದ್ದು ಅದನ್ನೇ: ಅಳುವ ಮುಂಚೆ ಪಟ್ಟಿ ಮಾಡು.

ನಿಮ್ಮ ಪರ್ವತ ಆರೋಗ್ಯ ಯೋಜನೆ ಕೊಡುತ್ತೇನೆಂದದ್ದು: ರಕ್ತದೊತ್ತಡ ನೋಡುವ ಯಂತ್ರ ಒಂದು. ತಿಂಗಳಿಗೊಮ್ಮೆ ಊರಿಗೇ ಬರುವ ನರ್ಸ್. ಮಾತ್ರೆ ಪೊಟ್ಟಣದ ಮೇಲೆ ನಮ್ಮ ಸೆಸೊಥೊ ಭಾಷೆಯಲ್ಲಿ ಬರಹ, ಓದು ಬಾರದವರಿಗೆ ಸೂರ್ಯನ ಚಿತ್ರ, ಚಂದ್ರನ ಚಿತ್ರ. ಔಷಧದಲ್ಲಿ ಏನೇ ಬದಲಾದರೂ ಹದಿನೈದು ದಿನ ಮುಂಚೆ ಊರಿನ ಆರೋಗ್ಯ ಶಿಕ್ಷಕಿಗೆ, ಅಂದರೆ ನನಗೆ, ತಿಳಿವಳಿಕೆ.

ಕೊಟ್ಟದ್ದು: ಒಂದು ಚೀಲ, ಎದೆಗೆ ಚುಚ್ಚಿಕೊಳ್ಳಲು ಒಂದು ಬಿಲ್ಲೆ. ಯಂತ್ರ ಬಂತು, ತೋಳಿಗೆ ಸುತ್ತುವ ಪಟ್ಟಿ ಬರಲಿಲ್ಲ. ನರ್ಸ್ ಬರಲಿಲ್ಲ, ರಸ್ತೆಯಿಲ್ಲವಂತೆ. ನಾವು ಹುಟ್ಟಿದ್ದು, ಸತ್ತವರನ್ನು ಹೊತ್ತದ್ದು ಇದೇ ರಸ್ತೆಯಿಲ್ಲದ ಊರಲ್ಲಿ. ಪೊಟ್ಟಣಗಳು ಇಂಗ್ಲಿಷಿನಲ್ಲಿವೆ. ಸೂರ್ಯ ಚಂದ್ರ ಇಬ್ಬರೂ ಇನ್ನೂ ಆಕಾಶದಲ್ಲೇ ಇದ್ದಾರೆ.

ಇದನ್ನು ಯೋಜನೆಗೆ ಬರೆಯುತ್ತಿಲ್ಲ, ನಿನಗೆ ಬರೆಯುತ್ತಿದ್ದೇನೆ. ಔಷಧ ಉಗ್ರಾಣದ ಗುಮಾಸ್ತೆಗಲ್ಲ. ಜೀನ್ಸ್ ಕಾರ್ಖಾನೆಯ ಏಳನೇ ಸಾಲಿನಲ್ಲಿ ನನ್ನ ಪಕ್ಕದ ಮಿಷನ್ನಿನಲ್ಲಿ ಕೂತು, ಹೆಂಗಸರನ್ನು ಮೂತ್ರಕ್ಕೂ ಬಿಡದ ಮೇಸ್ತ್ರಿಯ ಎದುರು ಎದ್ದು ನಿಂತ ಲಿಪುವೊಗೆ. ಇಬ್ಬರನ್ನೂ ಒಂದೇ ಬಾಗಿಲಿನಿಂದ ಹೊರಗೆ ದಬ್ಬಿದರು. ನೀನು ಕೆಳನಾಡಿನ ಪಟ್ಟಣದಲ್ಲಿ ಉಳಿದೆ, ನಾನು ಬೆಟ್ಟ ಹತ್ತಿ ಮನೆಗೆ ಬಂದೆ.

ನನ್ನ ಪಾಠ ಚೆನ್ನಾಗಿ ನಡೆದಿದೆ. ಬುಧವಾರಕ್ಕೊಮ್ಮೆ ಹದಿನೇಳು ಜನ, ರಕ್ತದೊತ್ತಡದವರು, ಸಕ್ಕರೆ ಕಾಯಿಲೆಯವರು, ಎರಡೂ ಇರುವವರು. ಚಿಕಿತ್ಸಾಲಯ ಕುದುರೆಯ ಮೇಲೆ ನಾಲ್ಕು ತಾಸಿನ ದಾರಿ. ಗಣಿಯಲ್ಲಿ ಎದೆ ಹಾಳು ಮಾಡಿಕೊಂಡು ಬಂದ, ಊರೆಲ್ಲ ನ್ತಾತೆ, ಅಪ್ಪ, ಎಂದು ಕರೆಯುವ ಮೊಹಾಪಿಯೇ ತಿಂಗಳಿಗೊಮ್ಮೆ ಹೋಗಿ ಹದಿನೇಳು ಜನರ ಪೊಟ್ಟಣವನ್ನೂ ಕಂಬಳಿಯಲ್ಲಿ ಕಟ್ಟಿ ತರುತ್ತಾನೆ. ನರ್ಸ್ ಹದಿನೇಳು ಜನರಿಗೆ ಹೇಳಬೇಕಾದ ಮಾತನ್ನು ಒಂದು ಕುದುರೆಗೆ ಹೇಳಿ ಕಳಿಸುತ್ತಾಳೆ. ಉಳಿದದ್ದು ನನ್ನ ಪಾಲು.

ಅದಕ್ಕೇ ಹಾಡು ಕಟ್ಟಿದೆ. ಬಿಳಿ ಮಾತ್ರೆ ಒತ್ತಡದ್ದು; ಹಳದಿ ಸಕ್ಕರೆಯದು, ಅದಕ್ಕೆ ಪಾಪಾ, ನಮ್ಮ ಮೆಕ್ಕೆಜೋಳದ ಮುದ್ದೆ, ಜೊತೆಗಿರಲೇಬೇಕು.

ಬಿಳಿಯದು ಎರಡು, ಬಿಸಿಲೇರೋ ಮುಂಚೆ,
ಉಂಡರೂ ಸೈ, ಉಣದಿದ್ದರೂ ಸೈ;
ಹಳದಿಯದರ್ಧ, ಪಾಪಾ ಮುಂದಿಟ್ಟು,
ಉಣದೆ ನುಂಗಿದರೆ ನೆಲಕ್ಕೆ ಮೈ.

ಹೆಂಗಸರು ಮೊಣಕಾಲೂರಿ ಭುಜ ಕುಣಿಸಿ ಹಾಡುತ್ತಾರೆ. ಮುಂದಾಳು ಎಪ್ಪತ್ತನಾಲ್ಕರ ಸೆಬುವೆಂಗ್ ಅಜ್ಜಿ. "ನನ್ ಗಂಡ ನಲವತ್ತು ವರ್ಷ ಬಾಯಿ ಬಡ್ಕೊಂಡಿದ್ದು ಒಂದೂ ನೆನಪಿಲ್ಲ, ನಿನ್ ಮಾತ್ರೆ ಮಾತ್ರ ತಲೇಲಿ ಕೂತ್ಬಿಟ್ಟಿದೆ" ಅನ್ನುತ್ತಾಳೆ. ಒಂದು ವರ್ಷದಿಂದ ಒಬ್ಬರೂ ತಪ್ಪು ಮಾತ್ರೆ ನುಂಗಿಲ್ಲ. ಇದನ್ನು ನಿನ್ನ ಮೇಲಿನವರಿಗೆ ಹೇಳು.

ಮಾಸೆಖೊಬೆ


ಪಟ್ಟಣ
೨೨ ಮೇ ೨೦೦೬, ಸೋಮವಾರ

ಅಕ್ಕ,

ನಿನ್ನ ಪಟ್ಟಿ ಓದಿ ನಕ್ಕೆ. ಆಮೇಲೆ, ಕಚೇರಿಯಲ್ಲಿ ನಗುವವರನ್ನು ಬರೆದಿಟ್ಟುಕೊಳ್ಳುತ್ತಾರೆಂದು ನೆನಪಾಯಿತು. ತೋಳಿನ ಪಟ್ಟಿ ಹುಡುಕಿಸುತ್ತಿದ್ದೇನೆ. ಪೊಟ್ಟಣದ ಬರಹ 'ಪರಿಶೀಲನೆಯಲ್ಲಿದೆ'. ನೀನು ಬೈಯುವ ಮುಂಚೆ ಹೇಳಿಬಿಡುತ್ತೇನೆ, ಆ ಮಾತು ನನ್ನದಲ್ಲ, ಮೇಲಿನವರದು.

ನ್ತಾತೆ ಮೊಹಾಪಿಯ ಎದೆ ಹೇಗಿದೆ? ಜೂನ್ ಜುಲೈ ಬಂತೆಂದರೆ ನಿಮ್ಮ ಬೆಟ್ಟದ ಚಳಿಗಾಲ, ದಾರಿಯಲ್ಲಿ ನಿಂತು ನಿಂತು ಹೋಗಲು ಹೇಳು. ಚಿಕಿತ್ಸಾಲಯದ ತನಕ ಬರುವ ಟ್ಯಾಕ್ಸಿಯವನ ಕೈಲಿ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಸಕ್ಕರೆ ಕಾಯಿಲೆಯವರಿಗೆ ಕೊಡು, ಪಾದ ಬೆಚ್ಚಗಿರಲಿ.

ಒಂದು ಮಾತು ಕೇಳಲಾ? ನೀನು ಬಣ್ಣದಿಂದಲೇ ಕಲಿಸುತ್ತೀಯಲ್ಲ, ಪೊಟ್ಟಣದ ಮೇಲಿನ ಹೆಸರನ್ನು ಗುರುತು ಹಿಡಿಯುವುದನ್ನೂ ಕಲಿಸಬಾರದೇ? ಮೊದಲ ಅಕ್ಷರವಾದರೂ? ಬಣ್ಣವನ್ನು ಪೂರಾ ನಂಬಬೇಡ ಅಕ್ಕ. ಬೇಗ ಶುರು ಮಾಡಿದರೆ ಒಳ್ಳೆಯದು. ಯಾಕೆ ಅನ್ನಬೇಡ, ಸುಮ್ಮನೆ ಅನ್ನಿಸಿತು.

ನಿನ್ನ ಲಿಪುವೊ


ಹಾ ರಮೊಲುಲಾ
೧ ಜೂನ್ ೨೦೦೬, ಗುರುವಾರ

ಲಿಪುವೊ,

ಕಾಲುಚೀಲ ಬಂತು. ಜೊತೆಗೆ ಉಪದೇಶವೂ ಬಂತು. ಕಾಲುಚೀಲ ಹಂಚಿದೆ. ಉಪದೇಶ ಯಾರ ಕಾಲಿಗೂ ಹೊಂದಲಿಲ್ಲ.

ಕುರ್ಚಿ ಸಿಕ್ಕವರೆಲ್ಲ ಅಕ್ಷರದ ಮಾತಾಡುತ್ತಾರೆ. ನೀನೂ ಆಡಿದೆ. ಈ ಮುದುಕರಿಗೆ ಶಾಲೆಯ ಬಾಗಿಲು ತೆಗೆಯದೆ ದನದ ಹಿಂದೆ ಅಟ್ಟಿದವರು ಯಾರು? ಈಗ ಎಪ್ಪತ್ತಕ್ಕೆ ಬಂದು, ಮೊದಲು ಅಕ್ಷರ ಕಲಿ ಆಮೇಲೆ ಬದುಕು ಅನ್ನುತ್ತೀರಲ್ಲ, ಬಾಯಿ ಹೇಗೆ ಬರುತ್ತದೆ? ಕಾರ್ಖಾನೆಯಲ್ಲಿ ಬೆರಳೊತ್ತಿ ಸಂಬಳ ಪಡೆಯುವವರನ್ನು ಕಂಡು ಮೇಸ್ತ್ರಿ ನಗುತ್ತಿದ್ದ. ನೀನು ಅವನ ಮೂತಿಗೆ ಉಗಿದಿದ್ದೆ. ಮರೆತೆಯಾ?

ನಿನ್ನ ಕಾಗದವನ್ನು ಪಾಠದಲ್ಲಿ ಓದಿದೆ, ಮುಚ್ಚಿಡುವುದೇನಿದೆ. ಸೆಬುವೆಂಗ್ ಅಜ್ಜಿಯ ಉತ್ತರ ಇದು, ಅವಳು ಹೇಳಿದ ಹಾಗೇ ಬರೆದಿದ್ದೇನೆ: "ಅಕ್ಷರ ಬೇಕಿದ್ರೆ ಆಯಮ್ಮನೇ ಕುದುರೆ ಹತ್ತಿ ಬಂದು ಕಲಿಸ್ಲಿ. ಬರ್ತಾ ಎರಡು ಹಲ್ಲೂ ತರ್ಲಿ ಅನ್ನು, ಮಾತ್ರೆ ಅರ್ಧ ಮಾಡೋಕೆ ನಂಗೆ ಒಂದೇ ಉಳಿದಿರೋದು."

ಹಾಡು ಇದೆ. ಹಾಡು ಸಾಕು.

ಮಾಸೆಖೊಬೆ


ಹಾ ರಮೊಲುಲಾ
೧೨ ಜೂನ್ ೨೦೦೬, ಸೋಮವಾರ

ಲಿಪುವೊ,

ಶನಿವಾರ ಸೆಬುವೆಂಗ್ ಅಜ್ಜಿ ನೆಲಕ್ಕೆ ಬಿದ್ದಳು.

ಮಾತ್ರೆಯ ಬಣ್ಣ ಬದಲಾಗಿದೆ. ಹೊಸ ಪೊಟ್ಟಣದಲ್ಲಿ ಒತ್ತಡದ್ದು ಹಳದಿ, ಸಕ್ಕರೆಯದು ಬಿಳಿ. ಹೇಳದೆ, ಕೇಳದೆ ಅದಲು ಬದಲು. ಅಜ್ಜಿ ಹಾಡಿದ ಹಾಗೇ ನಡೆದುಕೊಂಡಳು. ಬಿಸಿಲೇರುವ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಬಿಳಿಯದು ಎರಡು. ಅರ್ಧ ನುಂಗಬೇಕಾದ ಸಕ್ಕರೆ ಮಾತ್ರೆಯನ್ನು ನಾಲ್ಕು ಪಾಲು ನುಂಗಿ, ಗುಡ್ಡದಾಚೆಯ ಸಾವಿಗೆ ನಡೆದು ಹೋದಳು. ಮಣ್ಣು ಮಾಡಿ ಬರುವ ತನಕ ಸಾವಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲವಲ್ಲ. ಹತ್ತು ಗಂಟೆಗೆ ಗುಂಡಿಯ ಪಕ್ಕದಲ್ಲೇ ಬೆವತು, ನಡುಗಿ, ಕುಸಿದಳು. ಸತ್ತವನು ಕರೆಯುತ್ತಿದ್ದಾನೆ ಎಂದು ಜನ ಹಿಂದೆ ಸರಿದರು.

ಹಿಂದೆ ಸರಿಯದವಳು ಒಬ್ಬಳು, ನನ್ನ ಪಾಠದ ವಿಧವೆ ಮಾನ್ಕಿ. ಬೆವರು, ನಡುಕ, ತೊದಲು ಕಂಡರೆ ಮೊದಲು ಸಕ್ಕರೆ, ಆಮೇಲೆ ಪ್ರಾರ್ಥನೆ ಎಂದು ಕಲಿಸಿದ್ದೆ. ಸಾವಿನ ಮನೆಯಲ್ಲಿ ಚಹಾಕ್ಕೆ ಇಟ್ಟಿದ್ದ ಸಕ್ಕರೆ ತರಿಸಿ, ಒದ್ದೆ ಬೆರಳಿಗೆ ಹಚ್ಚಿ, ಅಜ್ಜಿಯನ್ನು ಪಕ್ಕಕ್ಕೆ ಹೊರಳಿಸಿ, ಒಳಗೆನ್ನೆಗೆ ತಿಕ್ಕುತ್ತಲೇ ಇದ್ದಳಂತೆ. ಪಾದ್ರಿ "ದೇವರ ಕೆಲಸಕ್ಕೆ ಅಡ್ಡ ಬರಬೇಡ" ಅಂದರೆ, "ದೇವ್ರಿಗೆ ಚಹಾ ಇಲ್ದೆ ಇವತ್ತು ನಡೆಯುತ್ತೆ ಫಾದರ್, ಇವಳಿಗೆ ನಡೆಯಲ್ಲ" ಅಂದಳಂತೆ.

ಜೀವ ಉಳಿಯಿತು. ಎಲ್ಲವೂ ಉಳಿಯಲಿಲ್ಲ. ಅಜ್ಜಿಗೆ ಮಗನ ಗುರುತಿಲ್ಲ. ನನ್ನನ್ನು ನೋಡಿ ಯಾರ ಮನೆ ಸೊಸೆ ಎಂದು ಕೇಳಿದಳು.

ಯಾರು ಬದಲಿಸಿದರು? ಯಾವ ದಿನ? ಯಾರಿಗೆ ತಿಳಿಸಿದರು? ನಿನಗೆ ಗೊತ್ತಿತ್ತೇ? ಉಳಿದ ಹದಿನಾರು ಜನರ ಮನೆಗೂ ನಿನ್ನೆ ನಡೆದು ಹೋಗಿ ಪೊಟ್ಟಣ ಬೇರೆ ಮಾಡಿಟ್ಟು ಬಂದೆ. ಉತ್ತರ ಬೇಗ ಬರಲಿ.

ಮಾಸೆಖೊಬೆ


ಪರ್ವತ ಆರೋಗ್ಯ ಯೋಜನೆ
ಔಷಧ ಉಗ್ರಾಣ ವಿಭಾಗ
೨೩ ಜೂನ್ ೨೦೦೬, ಶುಕ್ರವಾರ

ಮಾನ್ಯರೇ,

ಹಾ ರಮೊಲುಲಾ ಗ್ರಾಮದ ರೋಗಿಯೊಬ್ಬರು ಅಸ್ವಸ್ಥರಾದ ಬಗ್ಗೆ ದಿನಾಂಕ ೨೦ರಂದು ಚಿಕಿತ್ಸಾಲಯದಲ್ಲಿ ನಡೆದ ವಿಚಾರಣೆಯ ನಿರ್ಣಯವನ್ನು ತಮ್ಮ ಗಮನಕ್ಕೆ ತರಲಾಗಿದೆ.

ಮಾತ್ರೆಗಳ ಬಣ್ಣ ಬದಲಾವಣೆಯ ಮಾಹಿತಿಯನ್ನು ನಿಯಮಾನುಸಾರ ಚಿಕಿತ್ಸಾಲಯದ ಸಿಬ್ಬಂದಿಗೆ ನೀಡಲಾಗಿತ್ತು. ತಾವು ಅನುಮೋದನೆಯಿಲ್ಲದ ಬೋಧನಾ ವಿಧಾನವನ್ನು, ಅಂದರೆ ಹಾಡನ್ನು, ಬಳಸಿರುವುದು ಕಂಡುಬಂದಿದೆ. ಆದುದರಿಂದ ಬುಧವಾರದ ಪಾಠವನ್ನು ನಿಲ್ಲಿಸತಕ್ಕದ್ದು. ಚೀಲ ಹಾಗೂ ಬಿಲ್ಲೆಯನ್ನು ಚಿಕಿತ್ಸಾಲಯಕ್ಕೆ ಹಿಂದಿರುಗಿಸತಕ್ಕದ್ದು. ಇನ್ನು ಮುಂದೆ ಶ್ರೀ ಮೊಹಾಪಿಯವರಿಗೆ ಇತರರ ಔಷಧ ನೀಡಲಾಗುವುದಿಲ್ಲ. ಪ್ರತಿಯೊಬ್ಬ ರೋಗಿಯೂ ಖುದ್ದಾಗಿ ಬರತಕ್ಕದ್ದು.

ವ್ಯವಸ್ಥಾಪಕರ ಪರವಾಗಿ,
ಲಿಪುವೊ


ಹಾ ರಮೊಲುಲಾ
೩ ಜುಲೈ ೨೦೦೬, ಸೋಮವಾರ

ವ್ಯವಸ್ಥಾಪಕರ ಪರವಾಗಿರುವ ಲಿಪುವೊ ಅವರಿಗೆ,

'ಮಾನ್ಯರೇ' ಅಂದಿರಿ. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಅಂದಿರಲಿಲ್ಲ. ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಿಮ್ಮ ವಿಚಾರಣೆ ನಲವತ್ತು ನಿಮಿಷ ನಡೆಯಿತು. ಜೀಪಿನಲ್ಲಿ ಬಂದ ಇಬ್ಬರು ಕೋಟು ಬಿಚ್ಚಲಿಲ್ಲ. ನಾನೇನು ಕಲಿಸುತ್ತೇನೆಂದು ಕೇಳಿದರು, ಹಾಡಿದೆ. ಒಬ್ಬ ನಕ್ಕ. ಮಾನ್ಕಿ ಏನು ಮಾಡಿ ಜೀವ ಉಳಿಸಿದಳೆಂದು ಕೇಳಲಿಲ್ಲ. ನರ್ಸ್ ಕೆನೆಲ್ವೆಗೆ ಬಣ್ಣದ ವಿಷಯ ಯಾವಾಗ ಗೊತ್ತಾಯಿತೆಂದು ಕೇಳಲಿಲ್ಲ. ಆ ಹುಡುಗಿ ಮೂಲೆಯಲ್ಲಿ ಅಳುತ್ತಿದ್ದಳು. ನ್ತಾತೆ ಮೊಹಾಪಿಯನ್ನು ಮಾತ್ರ ಹಿಂಡಿದರು: ದಾರಿಯಲ್ಲಿ ಪೊಟ್ಟಣ ಬಿಚ್ಚಿದೆಯಾ, ಕುಡಿದಿದ್ದೆಯಾ, ಕಲಸಿಬಿಟ್ಟೆಯಾ? ಆತ ಟೋಪಿ ಹಿಡಿದು ಸುಮ್ಮನೆ ನಿಂತಿದ್ದ.

ನಿಮ್ಮ ನಿರ್ಣಯದ ಫಲ ಕೇಳಿ. ಹದಿನಾರು ಜನರಲ್ಲಿ ಒಂಬತ್ತು ಜನ ಮಾತ್ರೆಯನ್ನೇ ಬಿಟ್ಟಿದ್ದಾರೆ. ಬಿಳಿ ಕಂಡರೂ ಹೆದರುತ್ತಾರೆ, ಹಳದಿ ಕಂಡರೂ ಹೆದರುತ್ತಾರೆ. ಮಾಡಿನ ಹುಲ್ಲಿಗೆ ಮಾತ್ರೆ ಸಿಕ್ಕಿಸಿ ನುಂಗಿದೆವೆಂದು ಸುಳ್ಳು ಹೇಳುತ್ತಾರೆ. ಮೂವರ ಕಾಲು ಊದಿದೆ. ಮಾನ್ಕಿಗೆ ಬೆಳಗೆದ್ದರೆ ತಲೆ ಸಿಡಿಯುತ್ತದೆ. ಖುದ್ದಾಗಿ ಬರತಕ್ಕದ್ದಂತೆ. ಊದಿದ ಕಾಲಿನವರು ನಾಲ್ಕು ತಾಸಿನ ಕುದುರೆ ದಾರಿಯಲ್ಲಿ, ಹಿಮದಲ್ಲಿ, ಖುದ್ದಾಗಿ ಬರುವುದು ಹೆಣವಾಗಿ ಮಾತ್ರ.

ಚೀಲ ಕೊಟ್ಟೆ, ಬಿಲ್ಲೆ ಕೊಟ್ಟೆ. ಪಾಠ ಮರಳಿ ಬೇಕು. ಅದಕ್ಕೆ ನನಗೊಂದು ಕಾಗದ ಬೇಕು: ಬಣ್ಣ ಬದಲಾಗುತ್ತದೆಂದು ನರ್ಸಿಗೆ ಬರೆದದ್ದು. ಅದರ ತಾರೀಖು ನೋಡಬೇಕು. ಕೆಳಗಿನ ಸಹಿ ನೋಡಬೇಕು.

ಮಾಸೆಖೊಬೆ


ಪಟ್ಟಣ
೨೪ ಜುಲೈ ೨೦೦೬, ಸೋಮವಾರ

ಅಕ್ಕ,

ಮೂರು ವಾರದಿಂದ ನಿನ್ನ ಕಡೆಯಿಂದ ಒಂದಕ್ಷರವಿಲ್ಲ. ನನ್ನನ್ನು ಸತ್ತವಳೆಂದು ಬರೆದುಕೊಂಡೆ ಅಂತ ತಿಳಿದಿದ್ದೇನೆ. ಬರೆದುಕೋ, ಆದರೆ ಇದನ್ನು ಓದಿ ಬರೆದುಕೋ.

ನೀನು ಕೇಳಿದ ಕಾಗದದ ಪ್ರತಿ ಇದರೊಳಗಿದೆ. ತಾರೀಖು ಏಪ್ರಿಲ್ ೧೯. ಅದನ್ನು ಟೈಪು ಮಾಡಿದವಳು ನಾನು. ಕೆಳಗಿನ ಸಹಿ ನನ್ನದು. ಮೊದಲ ಕರಡಿನಲ್ಲಿ 'ಊರಿನ ಆರೋಗ್ಯ ಶಿಕ್ಷಕಿಯರಿಗೂ ಪ್ರತಿ ಕಳಿಸುವುದು' ಎಂದು ಒಂದು ಸಾಲು ಹಾಕಿದ್ದೆ. ವ್ಯವಸ್ಥಾಪಕ ಅದರ ಮೇಲೆ ಗೀಟು ಎಳೆದ. ಶಿಕ್ಷಕಿಯರು ಸಿಬ್ಬಂದಿಯಲ್ಲ, ಬಾಯಿ ಬಡಕಿಯರು, ಸುದ್ದಿ ಹಬ್ಬಿದರೆ ಜನ ಹಳೇ ದಾಸ್ತಾನನ್ನು ಚೆಲ್ಲುತ್ತಾರೆ, ಅದು ಮುಗಿಯುವ ತನಕ ತುಟಿ ಹೊಲಿದುಕೊಂಡಿರು ಅಂದ. ಹೊಲಿಗೆ ನನಗೆ ಗೊತ್ತಿರುವ ಕಸುಬು. ಹೊಲಿದುಕೊಂಡೆ.

ಮೇ ತಿಂಗಳಲ್ಲಿ ನಿನಗೆ ಬರೆಯುವಾಗ ಎಲ್ಲ ಗೊತ್ತಿತ್ತು. ಹೆಸರು ಕಲಿಸು, ಬಣ್ಣ ನಂಬಬೇಡ ಅಂತ ಸುತ್ತಿ ಬಳಸಿ ಬರೆದೆ. ಅಕ್ಕನಿಗೆ ಅರ್ಥವಾಗುತ್ತದೆ, ನನ್ನ ಕೆಲಸವೂ ಉಳಿಯುತ್ತದೆ ಅಂದುಕೊಂಡೆ. ನಿನಗೆ ಸಿಟ್ಟು ಬಂತು. ಆ ಸಿಟ್ಟು ಕಂಡು ನನಗೆ ಒಂಥರಾ ಸಮಾಧಾನವಾಯಿತು, ನೋಡು. ನಾನು ಹೇಳಿದೆ, ಅವಳು ಕೇಳಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳಬಹುದಾಯಿತು. ಒಂದು ಸಾಲು ನೇರವಾಗಿ ಬರೆದಿದ್ದರೆ ಸೆಬುವೆಂಗ್ ಅಜ್ಜಿಗೆ ಇವತ್ತು ಮಗನ ಗುರುತು ಇರುತ್ತಿತ್ತು.

'ಮಾನ್ಯರೇ' ಎಂದು ಬರೆದ ಕಾಗದದ ಮಾತು ಅವರದು. ಆದರೆ ಅದನ್ನು ಬರೆದ ಕೈ ನನ್ನದೇ. ಬೇರೆ ಯಾರಾದರೂ ಟೈಪು ಮಾಡಲಿ ಎಂದು ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

ಈ ಪ್ರತಿಯನ್ನು ನಿನಗೆ ಬೇಕಾದ ಹಾಗೆ ಬಳಸು. ಒಂದೇ ಬೇಡಿಕೆ: ಯಾರು ಕೊಟ್ಟರೆಂದು ಹೇಳಬೇಡ. ನನ್ನ ಸಹಿಯ ಜಾಗ ಮಡಚಿ ತೋರಿಸು. ನಾನು ಹೇಡಿ, ಗೊತ್ತು. ಬಯ್ಯಿ.

ಲಿಪುವೊ


ಹಾ ರಮೊಲುಲಾ
೫ ಆಗಸ್ಟ್ ೨೦೦೬, ಶನಿವಾರ

ಲಿಪುವೊ,

ನಾನು ನಿನ್ನನ್ನು ಸತ್ತವಳೆಂದು ಬರೆದುಕೊಂಡಿರಲಿಲ್ಲ. ಹಿಮ ಬಿದ್ದು ಕಣಿವೆ ಮುಚ್ಚಿತ್ತು. ಚಿಕಿತ್ಸಾಲಯಕ್ಕೆ ಟ್ಯಾಕ್ಸಿ ಬಂದದ್ದು ನಿನ್ನೆ. ನಿನ್ನ ಕಾಗದ ನಾಲ್ಕು ಸಲ ಓದಿದೆ.

ಬಯ್ಯಿ ಅಂದಿದ್ದೀಯ. ಬೈಗುಳದಲ್ಲಿ ನಾನು ಕಡಿಮೆಯವಳಲ್ಲ, ನಿನಗೇ ಗೊತ್ತು. ಆದರೆ ಬಾಯಿ ತೆರೆದರೆ ಬೇರೆ ಮಾತು ಬರುತ್ತಿದೆ. ಜೂನ್ ಹನ್ನೆರಡರ ಕಾಗದದಲ್ಲಿ ಒಂದನ್ನು ಬಿಟ್ಟಿದ್ದೆ. ವಿಚಾರಣೆಯಲ್ಲೂ ಬಿಟ್ಟೆ. ಈಗ ಬರೆಯುತ್ತೇನೆ.

ಜೂನ್ ಎಂಟು, ಗುರುವಾರ, ನ್ತಾತೆ ಮೊಹಾಪಿ ಪೊಟ್ಟಣ ಹೊತ್ತು ಮೊದಲು ನನ್ನ ಬಾಗಿಲಿಗೇ ಬಂದ. ಕಂಬಳಿ ಬಿಚ್ಚಿ, "ಇದ್ರ ಬಣ್ಣ ಅದ್ಕೆ ಬಂದಿದೆ, ಅದ್ರ ಬಣ್ಣ ಇದ್ಕೆ ಬಂದಿದೆ. ಕೊಡ್ಲಾ ಬೇಡ್ವಾ, ಅಮ್ಮಾ?" ಅಂದ. ನಾನು ನೋಡಿದೆ. ಓದಿದೆ. ಈ ಊರಲ್ಲಿ ಆ ಪೊಟ್ಟಣ ಓದಬಲ್ಲವಳು ನಾನೊಬ್ಬಳೇ.

ನನಗೆ ಹೊಳೆದದ್ದು ಅಜ್ಜಿಯಲ್ಲ. ನೀನು. ಬಣ್ಣ ನಂಬಬೇಡ ಎಂಬ ನಿನ್ನ ಮಾತು. ನೀನು ಗೆದ್ದೆ ಅನ್ನಿಸಿ ಮೈ ಉರಿಯಿತು. ಬುಧವಾರ ಪಾಠಕ್ಕೆ ಬರುವ ಹೊತ್ತಿಗೆ ಹೊಸ ಬಣ್ಣಕ್ಕೆ ಹೊಸ ಹಾಡು ಕಟ್ಟಿ, ಎಲ್ಲರ ಬಾಯಲ್ಲಿ ಕೂರಿಸಿ, ನಿನಗೆ ಬರೆಯುತ್ತೇನೆ ಅಂದುಕೊಂಡೆ. ಮೊಹಾಪಿಗೆ ಹೇಳಿದೆ: "ಕೊಟ್ಬಿಡು. ಹಳೇ ಮಾತ್ರೆ ಇನ್ನೂ ಒಂದು ವಾರಕ್ಕಿದೆ ಎಲ್ರ ಹತ್ರ. ಬಣ್ಣದ ಸುದ್ದಿ ಎತ್ಬೇಡ, ಗಾಬರಿ ಆಗ್ತಾರೆ. ಬುಧವಾರ ನಾನೇ ಹೇಳ್ತೀನಿ."

ಎಲ್ಲರ ಹತ್ತಿರ ಇತ್ತು. ಅಜ್ಜಿಯ ಹತ್ತಿರ ಇರಲಿಲ್ಲ. ಪಕ್ಕದ ಮನೆಯವಳಿಗೆ ತಲೆನೋವೆಂದು ತನ್ನ ಬಿಳಿ ಮಾತ್ರೆ ಹಂಚಿಬಿಟ್ಟಿದ್ದಳು. ನಮ್ಮ ಊರಲ್ಲಿ ಒಬ್ಬರ ಮನೆಯ ಉಪ್ಪು ಇನ್ನೊಬ್ಬರದ್ದು, ಹಿಟ್ಟು ಇನ್ನೊಬ್ಬರದ್ದು. ಮಾತ್ರೆ ಮಾತ್ರ ಹಾಗಲ್ಲ ಎಂದು ನಾನು ಹಾಡಿನಲ್ಲಿ ಸೇರಿಸಿರಲಿಲ್ಲ. ಗುರುವಾರ ಸಂಜೆ, ಶುಕ್ರವಾರ ಇಡೀ ದಿನ, ನಾನು ಮನೆಯಲ್ಲಿ ಕೂತು ಪ್ರಾಸ ಹುಡುಕುತ್ತಿದ್ದೆ. ಅವಳ ಮನೆ ನನ್ನ ಮನೆಯಿಂದ ಎರಡು ಗುಡ್ಡ.

ಮೊಹಾಪಿಗೆ ಇದೆಲ್ಲ ಗೊತ್ತು. ಜೀಪಿನವರು ಹಿಂಡಿದಾಗ ಒಂದು ಮಾತು ಆಡಿದ್ದರೆ ಅವನು ಬಚಾವಾಗುತ್ತಿದ್ದ. ಆಡಲಿಲ್ಲ. ಈಗ ಊರಿನ ಕೆಲವರು ಅವನನ್ನು ಕಂಡರೆ ಬಾಗಿಲು ಹಾಕುತ್ತಾರೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಾನು ಹೋದ್ರೆ ಒಂದು ಕುದುರೆ ಹೋಗುತ್ತೆ. ನೀನು ಹೋದ್ರೆ ಪಾಠ ಹೋಗುತ್ತೆ" ಅಂದ. ಕೆಮ್ಮಿದ. "ಪಾಠ ಹೆಂಗೂ ಹೋಯ್ತಲ್ಲ ನ್ತಾತೆ" ಅಂದೆ. "ಹಂಗಾದ್ರೆ ಬಾಯಿ ಬಿಡು ಮತ್ತೆ, ಯಾರಿಗೆ ಕಾಯ್ತಿದೀಯ" ಅಂದ.

ನಮ್ಮ ತಪ್ಪು ಹೇಳಿಕೊಂಡರೆ ಅವರ ತಪ್ಪು ಸಣ್ಣದಾಗುತ್ತದೆಂದು ಒಕ್ಕೂಟದಲ್ಲಿ ಹೆದರುತ್ತಿದ್ದೆವು. ಇಷ್ಟು ದಿನ ಹಾಗೇ ಹೆದರಿದೆ. ಈಗ ಅನ್ನಿಸುತ್ತದೆ, ನಮ್ಮದನ್ನು ಮುಚ್ಚಿಟ್ಟದ್ದರಿಂದಲೇ ಅವರದು ಬೆಳೆಯಿತು. ನಾನು ಎರಡು ದಿನ ಮುಚ್ಚಿಟ್ಟೆ. ನರ್ಸ್ ಏಳು ವಾರ ಮುಚ್ಚಿಟ್ಟಳು, ಒಬ್ಬಳೇ ಮುನ್ನೂರು ರೋಗಿಗಳನ್ನು ನೋಡುತ್ತಾ. ಯೋಜನೆ ಮುಚ್ಚಿಡು ಎಂದು ಅಪ್ಪಣೆಯನ್ನೇ ಕೊಟ್ಟಿತು. ಮೂರೂ ಒಂದೇ ಅಳತೆಯದಲ್ಲ. ಆದರೆ ಮೂರೂ ಒಟ್ಟಿಗೆ ಅಂಗಳಕ್ಕೆ ಬರದೆ ಪಾಠ ಮರಳಿ ಬರುವುದಿಲ್ಲ.

ನೀನು ಹೇಳಿದ ಹಾಗೆ ಅಕ್ಷರ ಶುರು ಮಾಡಿದ್ದೇನೆ. ಪಾಠ ನಿಂತಿದೆಯಲ್ಲ, ಅದಕ್ಕೆ ಮಾನ್ಕಿಯ ಮನೆಯಲ್ಲಿ ಹರಟೆ ಅನ್ನುತ್ತೇವೆ. ಒತ್ತಡದ ಮಾತ್ರೆಯ ಹೆಸರು ಎಚ್ ಅಕ್ಷರದಿಂದ, ಅದು ದನದ ದೊಡ್ಡಿಯ ಬಾಗಿಲು: ಎರಡು ಕಂಬ, ನಡುವೆ ಅಡ್ಡಕೋಲು. ಸಕ್ಕರೆಯದು ಜಿ, ಬಾಲ ಒಳಗೆ ಮಡಚಿಕೊಂಡ ನಾಯಿ. ಎಂಟು ಜನರಿಗೆ ಬಂದಿದೆ. ಬಿಟ್ಟಿದ್ದವರಲ್ಲಿ ನಾಲ್ವರು ಮತ್ತೆ ನುಂಗುತ್ತಿದ್ದಾರೆ. ಇನ್ನೂ ಐದು ಜನ ಹುಲ್ಲಿಗೇ ಸಿಕ್ಕಿಸುತ್ತಿದ್ದಾರೆ. ಅವರಿಗೆ ನನ್ನ ಮಾತೂ ಬೇಡ, ನರ್ಸ್ ಮಾತೂ ಬೇಡ. ಯಾರು ಏನು ತಪ್ಪು ಮಾಡಿದರೆಂದು ಎಲ್ಲರೆದುರು ಹೇಳಿದ ಮೇಲೆ ನೋಡೋಣ ಅನ್ನುತ್ತಾರೆ. ನ್ಯಾಯದ ಮಾತು.

ಊರ ಮುಖ್ಯಸ್ಥನ ಬಳಿ ಹೋಗಿದ್ದೆ. ಪಿತ್ಸೊ ಸಭೆ ಕರೆಯಲು ಒಪ್ಪಿದ್ದಾನೆ. ಇಡೀ ಊರು ಕೂರುತ್ತದೆ. ನರ್ಸಿಗೆ, ನಿನ್ನ ವ್ಯವಸ್ಥಾಪಕನಿಗೆ ಅವನ ಮೊಹರಿನ ಕಾಗದ ಹೋಗಿದೆ. ಕೇಳುವುದು ಮೂರು: ಪಾಠ ಮರಳಿ ಬೇಕು. ಮೊಹಾಪಿಯ ಕುದುರೆಗೆ ಪೊಟ್ಟಣ ಮರಳಿ ಬೇಕು. ನಮ್ಮ ಮಾತಿನಲ್ಲಿ ನಮಗೆ ಹೇಳದೆ ಒಂದು ಮಾತ್ರೆಯೂ ಬದಲಾಗಬಾರದು.

ನಿನ್ನ ಸಹಿಯ ಜಾಗ ಮಡಚಿ ನೋಡಿದೆ. ಮಡಚಿದರೆ ಅದು ಯಾರೋ ಬರೆದ ಕಾಗದ, ಯಾರೂ ನಂಬುವುದಿಲ್ಲ. ಆದರೂ ನೀನು ಬೇಡ ಅಂದರೆ ನಾನು ಅದನ್ನು ತೆಗೆಯುವುದಿಲ್ಲ, ಬೆಂಕಿಗೆ ಹಾಕುತ್ತೇನೆ. ನಿನ್ನ ಅನ್ನ ಕಿತ್ತು ನನ್ನ ಪಾಠ ನಡೆಸಲಾರೆ. ಇದು ಬೆದರಿಕೆಯಲ್ಲ, ಬೇಡುವುದೂ ಅಲ್ಲ.

ಮಾತಾಡುವವರ ಪಟ್ಟಿ ಬರೆದು ಮುಖ್ಯಸ್ಥನಿಗೆ ಕೊಟ್ಟಿದ್ದೇನೆ. ಮೊದಲನೆಯ ಹೆಸರು ನನ್ನದು. ಸೆಬುವೆಂಗ್ ಅಜ್ಜಿಯ ಮಗನ ಮುಖ ನೋಡಿಕೊಂಡು ಗುರುವಾರದ ಮಾತು ಹೇಳುತ್ತೇನೆ. ಮೂರನೆಯದು ಮೊಹಾಪಿ, ನಾಲ್ಕನೆಯದು ಮಾನ್ಕಿ. ಎರಡನೆಯ ಜಾಗ ಖಾಲಿ ಬಿಟ್ಟಿದ್ದೇನೆ. ಯಾರದೆಂದು ಮುಖ್ಯಸ್ಥ ಕೇಳಿದ. ಬರುವವರು ಬಂದರೆ ಅವರೇ ಹೇಳುತ್ತಾರೆ ಅಂದೆ.

ಆಗಸ್ಟ್ ಹದಿನೇಳು, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ, ಮುಖ್ಯಸ್ಥನ ಅಂಗಳ.

ಮಾಸೆಖೊಬೆ